ಸೀದ ಅಂಚು

ಬಾರ್ಲಿ ರೊಟ್ಟಿಯ ಅಂಚು ಸೀದ ವಾಸನೆ. ಚಿಕ್ಕಂದಿನಲ್ಲಿ ಆ ಅಂಚಿಗಾಗಿಯೇ ಅವನು ಹಟ ಹಿಡಿಯುತ್ತಿದ್ದ. ವಾಸನೆಯ ಜಾಡು ಹಿಡಿದು ಬಂದರೆ, ಎಂದೋ ತೀರಿಹೋದ ತಾಯಿ ಒಲೆಯ ಮುಂದೆ ಕೂತಿದ್ದಳು.

"ಅಮ್ಮಾ, ಹಸಿವು."

ತಾಯಿ ಬೆಚ್ಚಿಬಿದ್ದು ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. "ಇದು ಸತ್ತವರ ಲೋಕ ಮಗಾ. ಇಲ್ಲಿ ಒಂದು ತುತ್ತು ತಿಂದ್ರೂ ಮತ್ತೆ ಮೇಲೆ ಹೋಗೋಕಾಗಲ್ಲ. ಹಾಡಲ್ಲಿ ಬರೋ ವೀರರೂ ಜೀವಂತ ಇಲ್ಲಿಗೆ ಬಂದು, ಬರಿಹೊಟ್ಟೇಲೇ ವಾಪಸ್ ಹೋದ್ರು. ನೀನೂ ಹೊರಡು."

"ಮನೆಗೆ ಯಾರೇ ಬಂದ್ರೂ ಹೆಸರು ಕೇಳೋ ಮೊದಲೇ ಊಟ ಹಾಕ್ತಿದ್ದೆ. ಮಗನಿಗೆ ಮಾತ್ರ ಇಲ್ವಾ?"

"ಅಲ್ಲಿ ನಿನ್ನ ಹೆಂಡತಿ ಬಾಗಿಲಲ್ಲೇ ಕಾಯ್ತಿರ್ತಾಳೆ ಕಣೋ. ಅದಿರ್ಲಿ, ಇಲ್ಲಿಗೆ ದಾರಿ ಯಾರು ತೋರಿಸಿದ್ರು?"

"ಗೊತ್ತಿಲ್ಲಮ್ಮ. ಟ್ರಾಯ್ ಕೋಟೆ ಕೆಳಗೆ ಯುದ್ಧ ನಡೀತಿತ್ತು. ಎದೆಗೆ ಏನೋ ತಾಗಿದ ಹಾಗಾಯ್ತು. ಆಮೇಲೆ ಬರೀ ಈ ವಾಸನೆ."

ತಾಯಿ ಅವನ ಮೇಲುಹೊದಿಕೆಯನ್ನು ಸರಿಸಿ ನೋಡಿದಳು. ಎದೆಯಲ್ಲಿ ಈಟಿ ಹೊಕ್ಕ ಗಾಯವಿತ್ತು. ಆಮೇಲೆ ರೊಟ್ಟಿಯ ಸೀದ ಅಂಚನ್ನು ಮುರಿದು, ಊದಿ ಆರಿಸಿ, ಅವನ ಕೈಗಿಟ್ಟಳು.