ನೆತ್ತಿಯ ಮೇಲೆ ಕೂತ ಅತ್ತೆ

ಬೋರಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ. ತಮಿಳು ಸೀಮೆಯ ಕ್ರೋಂಪೇಟೆಯ ಮನೆಯಲ್ಲಿ ಎಡೆಯ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡ ಫೋಟೊದಲ್ಲಿ, ಕಿರಿಸೊಸೆ ಶ್ರೀವಿದ್ಯಾಳ ನೆತ್ತಿಯ ಮೇಲೆ ದುಂಡನೆಯ ಬೆಳಕೊಂದು ಬಂದು ಕೂತಿತ್ತು.

"ಅತ್ತೇನೇ ಬಂದಿರೋದು," ಎಂದಳು ಶ್ರೀವಿದ್ಯಾ, ಫೋನನ್ನು ಎದೆಗೆ ಒತ್ತಿಕೊಂಡು.

ಹಿರಿಸೊಸೆ ಅನು ಬಗ್ಗಿ ನೋಡಿದಳು. ಮುದುಕಿ ಹಾಸಿಗೆ ಹಿಡಿದ ಮೇಲೆ ಎತ್ತಿ ಕೂರಿಸಿ, ಮುದ್ದೆಯನ್ನು ಸಾರಿನಲ್ಲಿ ಕಿವುಚಿ ತಿನ್ನಿಸಿ, ಮೈ ಒರೆಸಿದವಳು ತಾನು. ಮೈಸೂರಿನಿಂದ ಹಬ್ಬಕ್ಕೊಮ್ಮೆ ಹಣ್ಣಿನ ಚೀಲ ಹಿಡಿದು ಬಂದು, "ಅಯ್ಯೋ ಅತ್ತೆ, ಸೊರಗಿಬಿಟ್ಟಿದ್ದೀರಲ್ಲ" ಎಂದು ಹೇಳಿ ಹೋಗುತ್ತಿದ್ದವಳು ಇವಳು. ಸತ್ತ ಮೇಲೆ ಬಂದು ಕೂರುವುದಕ್ಕೆ ಇವಳ ತಲೆಯೇ ಆಗಬೇಕಿತ್ತೇ?

ಶ್ರೀವಿದ್ಯಾ ಮೈಸೂರಿನ ರೈಲು ಹತ್ತುವಷ್ಟರಲ್ಲಿ ಫೋಟೊ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಕಂಡಕಂಡವರೆಲ್ಲ ಕೈಮುಗಿದರು. "ಪುಣ್ಯವಂತೆ ಶ್ರೀವಿದ್ಯಾ, ಬೋರಮ್ಮ ಹರಸವ್ಳೆ," ಎಂದು ಮದ್ದೂರಿನ ದೊಡ್ಡಮ್ಮ ಮೊಮ್ಮಗಳ ಕೈಲಿ ಬರೆಸಿದರು. ಮಟನ್ ಸಾರು, ಕಜ್ಜಾಯ, ಒಬ್ಬಟ್ಟು ಎಲ್ಲವನ್ನೂ ಒಬ್ಬಳೇ ಮಾಡಿ ಸೊಂಟ ಹಿಡಿದುಕೊಂಡು ಕೂತಿದ್ದ ಅನುವಿನ ಹೆಸರನ್ನು ಯಾರೂ ಎತ್ತಲಿಲ್ಲ.

ಫೋಟೊ ತೆಗೆದವಳು ಅನುವಿನ ಮಗಳು ಶ್ರೀಯಾ. ಎಂಜಿನಿಯರಿಂಗ್ ಓದುವ ಹುಡುಗಿ. ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವುದು ಅವಳ ರೂಢಿ.

"ಅಮ್ಮಾ, ಅದು ವೆರುಂ ತೂಸಿ," ಎಂದಳು. "ಕರೆಂಟ್ ಇಲ್ಲೆ, ಫ್ಲ್ಯಾಶ್ ಪೋಟ್ಟೇನ್. ಅವ್ವಳವುದಾನ್."

ಬರೀ ಧೂಳು. ಕರೆಂಟ್ ಹೋಗಿತ್ತಲ್ಲ, ಗಾಳಿಯಲ್ಲಿ ತೇಲುತ್ತಿದ್ದ ಒಂದು ಕಣ ಕ್ಯಾಮೆರಾದ ಹತ್ತಿರ ಬಂದು ಫ್ಲ್ಯಾಶಿನ ಬೆಳಕಿಗೆ ಹೊಳೆದಿದೆ, ಅಷ್ಟೇ. ಅನುವಿಗೆ ಹೋದ ಜೀವ ಬಂದಂತಾಯಿತು. ಕೂಡಲೇ ಗುಂಪಿನಲ್ಲಿ ಬರೆದಳು: "ಅದು ಅತ್ತೆ ಅಲ್ಲ. ಬರೀ ಧೂಳು. ಶ್ರೀಯಾ ಹೇಳಿದಳು."

ರೈಲಿನಿಂದಲೇ ಉತ್ತರ ಬಂತು. "ಇರಬಹುದು ಅಕ್ಕ. ನಮ್ಮನೇಲಿ ಎಷ್ಟು ಫೋಟೊ ತೆಗೆದರೂ ಹೀಗೆ ಬಂದಿಲ್ಲ. ಪಾಪ, ನೀವೊಬ್ಬರೇ ಎಷ್ಟು ಅಂತ ಗುಡಿಸ್ತೀರಿ."

ಗುಂಪಿನಲ್ಲಿ ಎಲ್ಲರೂ ಅದನ್ನು ಓದಿದ್ದಾರೆ ಎಂಬುದು ಕಾಣುತ್ತಿತ್ತು. ಹಬ್ಬಕ್ಕೆಂದು ಫ್ಯಾನಿನ ರೆಕ್ಕೆಯನ್ನೂ ಬಿಡದೆ ಒರೆಸಿದ್ದ ಮನೆ ಅದು. ಧೂಳು ಎಂದರೆ ತನ್ನ ಮಾನ ಹೋಗುತ್ತದೆ, ಅತ್ತೆ ಎಂದರೆ ಪುಣ್ಯವೆಲ್ಲ ಅವಳ ಪಾಲಾಗುತ್ತದೆ. ಅನು ಬಹಳ ಹೊತ್ತು ಯೋಚಿಸಿ, ಬರೆದದ್ದನ್ನು ಅಳಿಸಿ, "ಶ್ರೀಯಾ ತಮಾಷೆ ಮಾಡಿದ್ದು. ಅದು ಅತ್ತೆಯೇ," ಎಂದು ಹಾಕಿದಳು.

ಆದರೆ ಅತ್ತೆಯೇ ಆದ ಮೇಲೆ ತನ್ನ ಬಳಿಗೂ ಬರಲೇಬೇಕಲ್ಲ. ಮರುದಿನ ಗಂಡ ದಿನೇಶ ಬ್ಯಾಂಕಿಗೆ ಹೊರಟದ್ದೇ ತಡ, ಅವಳು ಕಿಟಕಿಗಳನ್ನೆಲ್ಲ ಮುಚ್ಚಿದಳು. ಅಟ್ಟದ ಮೇಲಿದ್ದ ಹಳೆಯ ಹತ್ತಿ ಹಾಸಿಗೆಯನ್ನು ಹಾಲಿಗೆ ಎಳೆತಂದು ಪೊರಕೆಯ ಹಿಡಿಯಿಂದ ಬಡಿದಳು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಹಾಸಿಗೆಯನ್ನು ಒಳಕ್ಕೆ ದೂಡಿ, ರೇಷ್ಮೆ ಸೀರೆ ಉಟ್ಟು, ಬೋರಮ್ಮನ ಫೋಟೊದ ಪಕ್ಕ ನಿಂತು, "ಲೈಟ್ ಆರಿಸಿ, ಫ್ಲ್ಯಾಶ್ ಹಾಕಿ ಈಗ ತೆಗಿ," ಎಂದಳು.

"ಎದುಕ್ಕುಮಾ?" ಎಂದಳು ಶ್ರೀಯಾ ಮೂಗು ಮುಚ್ಚಿಕೊಂಡು.

"ತೆಗಿ ಅಂದ್ನಲ್ಲ."

ಫೋಟೊದಲ್ಲಿ ಬೂಂದಿ ಚೆಲ್ಲಿದ ಹಾಗೆ ಬೆಳಕಿನ ಉಂಡೆಗಳು. ಗೋಡೆಯ ಮೇಲೆ, ಸೋಫಾದ ಮೇಲೆ, ಅನುವಿನ ತಲೆ, ಹೆಗಲು, ಮೂಗಿನ ಮೇಲೆ. "ನನಗೂ ದರ್ಶನ ಕೊಟ್ಟರು," ಎಂದು ಬರೆದು ಗುಂಪಿಗೆ ಕಳಿಸಿದಳು.

ಈ ಸಲ ಯಾರೂ ಕೈಮುಗಿಯಲಿಲ್ಲ. ದೊಡ್ಡಮ್ಮ ನೇರವಾಗಿ ಫೋನ್ ಮಾಡಿದರು. "ಒಂದಾದ್ರೆ ನಿಮ್ಮತ್ತೆ ಅನ್ಕೋಬೋದು. ಇಷ್ಟೊಂದು ಯಾರ್ ಯಾರು ಕಣವ್ವ? ಮೊದ್ಲು ಶಾಂತಿ ಮಾಡ್ಸು." ದೀಪಾವಳಿಗೆ ತಾವು ಬರುವುದು ಅನುಮಾನ, ಮಗು ಹೆದರುತ್ತದೆ ಎಂದು ಶ್ರೀವಿದ್ಯಾ ಬರೆದಳು. ಸಂಜೆ ಮನೆಗೆ ಬಂದ ದಿನೇಶ ಚಪ್ಪಲಿ ಬಿಡುವ ಮೊದಲೇ, "ಮಾಂಬಳದ ಶಾಸ್ತ್ರಿಗಳು ಭಾನುವಾರ ಬರ್ತಾರೆ," ಎಂದ. "ಬ್ಯಾಂಕಲ್ಲಿ ಕೇಳಿ ಗೊತ್ತು ಮಾಡಿದೀನಿ. ಮನೇಲಿ ಇಷ್ಟು ದಿವಸ ಏನೇನು ಇಟ್ಕೊಂಡಿದ್ವೋ."

ಇಷ್ಟರ ಮಧ್ಯೆ ಒಂದು ಮಾತನ್ನೂ ಆಡದೆ ಇದ್ದವರು ಮಾವ ತಮ್ಮಯ್ಯನವರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಬೋರಮ್ಮನ ಗಂಡ. ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದವರು ಅನುವನ್ನು ಕರೆದು ಫೋನು ಕೇಳಿ ಇಸಿದುಕೊಂಡರು. ಕನ್ನಡಕ ಏರಿಸಿ, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಒಂದೊಂದೇ ಬೆಳಕಿನ ಹತ್ತಿರ ಹೋಗಿ ನೋಡತೊಡಗಿದರು. ತಾಂಬರಂ ಕಡೆಯ ಲೋಕಲ್ ರೈಲು ಸದ್ದು ಮಾಡುತ್ತ ಹೋಯಿತು. ಅವರು ತಲೆಯೆತ್ತಲಿಲ್ಲ.

ಇವರಿಗೊಬ್ಬರಿಗಾದರೂ ನಿಜ ಹೇಳಿಬಿಡೋಣ ಎನ್ನಿಸಿತು ಅನುವಿಗೆ.

"ಮಾವ, ಅದು..."

"ಇರವ್ವ. ಹುಡುಕ್ತಾವ್ನಿ."

ಅವರ ಬೆರಳು ಚಿತ್ರದ ಅಂಚಿಗೆ ಹೋಗಿ ನಿಂತಿತು. ಅಲ್ಲಿ ಅಡುಗೆಮನೆಯ ಬಾಗಿಲಲ್ಲಿ, ಅರ್ಧ ಕತ್ತರಿಸಿಹೋಗಿದ್ದ ಸಣ್ಣದೊಂದು ಉಂಡೆ. ಬೇರೆಯವುಗಳಿಗಿಂತ ಮಸುಕು.

"ಇಲ್ಲೇ ಅವ್ಳೆ," ಎಂದರು ತಮ್ಮಯ್ಯ. "ಎಲ್ರೂ ಉಂಡಾದ್ ಮೇಲೆ ಉಣ್ಣೋಳು, ಬಾಗ್ಲಲ್ಲೇ ನಿಂತವ್ಳೆ. ಈಗ್ಲೂ ಯಾರೂ ಬಾ ಕೂತ್ಕೊ ಅಂದಂಗಿಲ್ಲ ನೋಡವ್ವ."