ಕುಳ್ಳಯ್ಯನ ಹೆಸರುಬಲ

ಮಗಳಿನ್ನೂ ತೊಟ್ಟಿಲಲ್ಲಿದ್ದಾಗ ಚಿಕ್ಕಸ್ವಾಮಿ ತನ್ನ ಅಕ್ಕನಿಗೊಂದು ಮಾತು ಕೊಟ್ಟಿದ್ದ: ‘ಇವ್ಳು ನಿನ್ನ ಸೊಸೆ ಕಣಕ್ಕ.’ ಮಗಳು ಬಿ.ಎಸ್ಸಿ. ಮುಗಿಸಿದ ವರ್ಷ, ಪಾಂಡವಪುರ ಬಸ್ ನಿಲ್ದಾಣದೆದುರಿನ ತನ್ನ ಗೂಡಿನಂಥ ಅಂಗಡಿಯಲ್ಲಿ ಕೂತು, ಆ ಮಾತನ್ನು ಮುರಿಯಲೆಂದೇ ಕಂಪ್ಯೂಟರಿನಲ್ಲಿ ಎರಡನೇ ನಂಬರು ಒತ್ತಿದ.

ಅಕ್ಕನ ಬಸ್ಸು ಬರುವುದರೊಳಗೆ ಕೆಲಸ ಆಗಬೇಕಿತ್ತು.

ತೊಂಬತ್ತನಾಲ್ಕನೇ ಇಸವಿ. ಚಿಕ್ಕಸ್ವಾಮಿ ಹಗಲು ಹೈಸ್ಕೂಲಿನ ಗುಮಾಸ್ತ, ಸಂಜೆ ‘ಕಂಪ್ಯೂಟರ್ ಜಾತಕ’ದ ಮಾಲೀಕ. ಹಗಲು ಅಂಗಡಿ ನೋಡಿಕೊಳ್ಳುತ್ತಿದ್ದುದು ಮಗಳು ನೇತ್ರಾವತಿ, ಮನೆಯವರ ಬಾಯಲ್ಲಿ ಚಿನ್ನು. ಮೈಸೂರಿನಿಂದ ಹಳೇ ಕಂಪ್ಯೂಟರ್ ತಂದು, ಒಂದೂವರೆ ತಿಂಗಳ ತರಬೇತಿಯ ಧೈರ್ಯದ ಮೇಲೆ, ಡಾಸಿನ ಕಪ್ಪು ಪರದೆಯಲ್ಲಿ ಅವನೇ ಮೆನು ಬರೆದಿದ್ದ. ಒಂದು, ಜಾತಕ. ಎರಡು, ಹೆಸರುಬಲ. ಮೂರು, ಪಂಚಾಂಗ. ನಾಲ್ಕು, ಹೊರಕ್ಕೆ. ಹುಟ್ಟಿದ ಗಳಿಗೆ ಬರೆದಿಡದ ಮನೆಗಳೇ ಹೆಚ್ಚು. ಹಾಗಾಗಿ ಗಂಡು ಹೆಣ್ಣಿನ ಹೆಸರಿನಲ್ಲೇ ಹೊಂದಾಣಿಕೆ ನೋಡುವ ಎರಡನೇ ನಂಬರಿಗೇ ಗಿರಾಕಿ ಜಾಸ್ತಿ.

ಮೆನುವಿನ ತಪ್ಪುಗಳು ಅವನಿಗೆ ತನ್ನ ಮಂಡಿನೋವಿನಷ್ಟೇ ಪರಿಚಿತ. ‘ಪಂಚಾಂಗ’ ಒತ್ತಿದರೆ ಮೊದಲು ಜಾತಕ ಬರುತ್ತಿತ್ತು. ಶಾಸ್ತ್ರ ಇರುವುದೇ ಹಾಗೆ ಎನ್ನುತ್ತಿದ್ದ. ‘ಹೊರಕ್ಕೆ’ ಒತ್ತಿದರೆ, ಹಬ್ಬಕ್ಕೆ ಬಂದ ನೆಂಟರ ಹಾಗೆ ಹೊಸಿಲವರೆಗೆ ಹೋಗಿ ವಾಪಸು ಬರುತ್ತಿತ್ತು. ಎರಡು ಸಲ ಒತ್ತಿದರೆ ಶುಭ ಎನ್ನುತ್ತಿದ್ದ. ಗಿರಾಕಿಗಳು ಭಕ್ತಿಯಿಂದ ತಲೆಯಾಡಿಸುತ್ತಿದ್ದರು. ಮೂರನೆಯ ತಪ್ಪು ಹೆಸರುಬಲದ್ದು, ಅಪಾಯದ್ದು. ಒಂದು ಜೋಡಿ ನೋಡಿದ ಮೇಲೆ ಮೆನುವಿಗೆ ಮರಳದೆ ಅಲ್ಲೇ ಇನ್ನೊಂದು ಜೋಡಿ ಕೊಟ್ಟರೆ, ಕಾಣುವುದು ಹೊಸ ಗಂಡಿನ ಹೆಸರು, ಲೆಕ್ಕ ನಡೆಯುವುದು ಹಳೇ ಗಂಡಿನದು. ಸರಿಮಾಡಲೆಂದು ಭಾನುವಾರ ಭಾನುವಾರವೂ ಕೂತು, ಕೂತಲ್ಲೇ ನಿದ್ದೆ ಹೋಗುತ್ತಿದ್ದ. ಈ ಒಂದು ತಪ್ಪನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಇವತ್ತು ಅದೇ ತಪ್ಪಿನ ಕಾಲು ಹಿಡಿಯುವ ಹಾಗಾಯಿತು.

ಅಕ್ಕನ ಮಗ ಹೊನ್ನಪ್ಪ ಕಬ್ಬಿನ ಟ್ರಾಕ್ಟರು ಓಡಿಸುತ್ತಿದ್ದ. ಅವನ ಹೆಸರೆತ್ತಿದರೆ ಚಿನ್ನು ದಡಕ್ಕನೆ ಎದ್ದು ಒಳಗೆ ಹೋಗುತ್ತಿದ್ದಳು. ಓದಿದ ಹುಡುಗಿ, ಒಲ್ಲೆ ಅನ್ನಲಾರದೆ ಒಳಗೊಳಗೇ ಬೇಯುತ್ತಿದ್ದಾಳೆಂದು ಅಪ್ಪ ಅರ್ಥಮಾಡಿಕೊಂಡ. ಕೇಳಲಿಲ್ಲ. ಅಪ್ಪಂದಿರು ಕೇಳುವುದಿಲ್ಲ, ಅರ್ಥಮಾಡಿಕೊಳ್ಳುತ್ತಾರೆ.

ಅಕ್ಕನಿಗೆ ತಿಳಿಯದ ಹಾಗೆ ನಾಗಮಂಗಲ, ಶ್ರೀರಂಗಪಟ್ಟಣ, ಸಂತೆಬಾಚಹಳ್ಳಿಗಳಿಂದ ಗಂಡುಗಳ ಹೆಸರು ತಂದ. ಸ್ವಂತ ಮಗಳ ಹೆಸರುಬಲ ತಾನೇ ನೋಡಲಾರದೆ, ಕೀಬೋರ್ಡನ್ನು ಚಿನ್ನುವಿನತ್ತ ಸರಿಸಿ, ನೀನೇ ಒತ್ತಮ್ಮ ಎಂದ. ಮೂವತ್ತಾರು ಗುಣಕ್ಕೆ ಮೊದಲನೆಯವನು ಏಳು. ಎರಡನೆಯವನೂ ಏಳು. ಮೂರನೆಯವನು ಏಳೇ. ಮಗಳ ಹಣೆಬರಹಕ್ಕೆ ಮರುಗಿ ಚಿಕ್ಕಸ್ವಾಮಿ ಅವತ್ತು ಊಟ ಬಿಟ್ಟ. ಚಿನ್ನು ಎರಡು ಮುದ್ದೆ ಉಂಡಳು.

ಹಾಗೆಂದು ಅಕ್ಕನ ಎದುರು ‘ಆಗಲ್ಲ’ ಎನ್ನುವ ಎದೆ ಅವನಿಗಿರಲಿಲ್ಲ. ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ಅವನನ್ನು ಓದಿಸಿದವಳು ಅವಳು. ಹೆಸರುಬಲ ಕೂಡಲಿಲ್ಲವೆಂದರೆ ತಾನಾಗಿಯೇ ಹಿಂದೆ ಸರಿಯುತ್ತಾಳೆ, ತಪ್ಪು ಮಿಷಿನ್ನಿನದಾಗುತ್ತದೆ. ಒಟ್ಟಿನಲ್ಲಿ ಅದು ನಿಜವೂ ಹೌದು.

ಹಳೇ ಗಂಡಿನ ಜಾಗಕ್ಕೆ ಪಕ್ಕದ ಟೀ ಅಂಗಡಿಯ ಕುಳ್ಳಯ್ಯ ಸಿಕ್ಕ. ಬ್ರಹ್ಮಚಾರಿಯಾಗಿಯೇ ಮುದುಕನಾದವನು. ಮೆನುವನ್ನು ಮೊದಲು ಪರೀಕ್ಷಿಸಿದಾಗ ತಮಾಷೆಗೆ ಅವನ ಹೆಸರು ಕೊಟ್ಟರೆ ಯಾವ ಹೆಣ್ಣಿನ ಹೆಸರಿಗೂ ಕೂಡಿರಲಿಲ್ಲ. ಚಿನ್ನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಈಗ ಚಿಕ್ಕಸ್ವಾಮಿ ಕುಳ್ಳಯ್ಯ ಎಂದು ಒತ್ತಿದ, ನೇತ್ರಾವತಿ ಎಂದು ಒತ್ತಿದ. ಕಂಪ್ಯೂಟರ್ ಎಂದಿನಂತೆ ನಿಧಾನವಾಗಿ ಯೋಚಿಸತೊಡಗಿತು. ಅಷ್ಟರಲ್ಲಿ ಬಸ್ಸು ಬಂತು. ಬಂದ ಅಂಕಿಯನ್ನು ನೋಡುವ ವ್ಯವಧಾನವಿಲ್ಲದೆ ಅವನು, ಮೆನುವಿಗೆ ಮರಳದೆ, ಅಲ್ಲೇ ಮುಂದಿನ ಜೋಡಿಗೆ ಜಾಗ ಮಾಡಿಟ್ಟ.

ಅಕ್ಕಿಹೆಬ್ಬಾಳಿನಿಂದ ಎರಡು ಬಸ್ಸು ಬದಲಿಸಿ ಬಂದ ಅಕ್ಕ ಜಯಲಕ್ಷ್ಮಮ್ಮ ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಂಡಳು. ಚಿನ್ನು ಟೀ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು. ಅತ್ತೆ ಬರುವ ಸುದ್ದಿ ಕೇಳಿ, ಧೂಳು ಹೊಡೆಯುತ್ತೇನೆಂದು ಅವಳು ಹಿಂದಿನ ದಿನವೆಲ್ಲ ಅಂಗಡಿಯಲ್ಲೇ ಇದ್ದಳು. ಧೂಳು ಇದ್ದಲ್ಲೇ ಇತ್ತು.

ಅಕ್ಕ ಸಾವಕಾಶವಾಗಿ ಟೀ ಕುಡಿದಳು. ಕರೆಂಟು ಹೋದರೆ ಕಂಪ್ಯೂಟರಿನ ಒಳಗಿರುವ ಕುಳ್ಳಯ್ಯನೂ ಹೋಗುತ್ತಾನೆ. ಚಿಕ್ಕಸ್ವಾಮಿ ತಿರುಗುವ ಫ್ಯಾನನ್ನೇ ನೋಡುತ್ತ ಮನೆದೇವರಿಗೆ ಹರಸಿಕೊಂಡ.

“ನಂಗೇನು ಇದ್ರ ಮ್ಯಾಲೆ ನಂಬ್ಕೆ ಇಲ್ಲ ಕಣ್ಲಾ ಚಿಕ್ಕ,” ಎಂದಳು ಅಕ್ಕ. “ನಿಮ್ ಬಾವ ಎಸ್ರುಬಲ ನೋಡ್ದೆ ಒಪ್ಪಾಕಿಲ್ಲ ಅಂತಾವ್ರೆ. ಅದೇನ್ ಯೋಳ್ತದೋ ಅಂಗೇ ಮಾಡಾನ.”

“ಇದುಕ್ಕೆ ನೆಂಟಸ್ತನ ಗೊತ್ತಿಲ್ಲ ಕಣಕ್ಕ. ಇದ್ದದ್ದ ಇದ್ದಂಗೆ ಯೋಳ್ಬುಡ್ತದೆ.”

ಬಾಗಿಲಲ್ಲಿ ಚಿನ್ನು ಕೆಮ್ಮಿದಳು.

ಅವನು ಹೊನ್ನಪ್ಪ ಎಂದು ಒತ್ತಿದ. ನೇತ್ರಾವತಿ ಎಂದು ಒತ್ತಿದ. ಮುಖಕ್ಕೆ ಸಾಕಷ್ಟು ದುಃಖ ತಂದುಕೊಂಡು ಕಾದ.

ಇಪ್ಪತ್ತೊಂಬತ್ತು.

ಕರೆಂಟು ಹೋಗಿರಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು. ಜಯಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನಿಗೆ ಫೋನು ಮಾಡಲು ಎದುರಿನ ಬೂತಿಗೆ ಹೊರಟಳು. ಚಿಕ್ಕಸ್ವಾಮಿ ದುಃಖದ ಮುಖವನ್ನು ಎಲ್ಲಿಡುವುದೆಂದು ತಿಳಿಯದೆ ಕೂತಿದ್ದ.

ಚಿನ್ನು ಖಾಲಿ ಲೋಟ ತೆಗೆದುಕೊಳ್ಳಲು ಬಗ್ಗಿದಳು.

“ಆ ತಪ್ಪ ನೆನ್ನೇನೇ ಸರಿ ಮಾಡ್ದೆ ಕಣಪ್ಪ,” ಎಂದಳು, ಅವನಿಗಷ್ಟೇ ಕೇಳುವ ಹಾಗೆ. “ಮೂರ್ ಗಂಡ್ನೂ ಕುಳ್ಳಯ್ಯನ ಹೆಸ್ರಲ್ಲೇ ವಾಪಸ್ ಕಳ್ಸಾಯ್ತಲ್ಲ, ಇನ್ನ ಅವ್ನು ಬೇಕಾಗಿರ್ಲಿಲ್ಲ.”

ಆ ಶ್ರಾವಣದಲ್ಲಿ ಚಿಕ್ಕಸ್ವಾಮಿ ಕೊಟ್ಟ ಮಾತು ಉಳಿಸಿಕೊಂಡ.