ಹೊಟ್ಟೆನೋವಿಗೆ ಮದ್ದಿಲ್ಲದ ದಿನ

ಬೀದಿಯಲ್ಲಿ ಯಾವ ಮಗು ಹೊಟ್ಟೆ ಹಿಡಿದುಕೊಂಡು ಅತ್ತರೂ ಪುಟ್ಟಗೌರಮ್ಮನವರ ಮನೆಗೇ ಎತ್ತಿಕೊಂಡು ಬರುತ್ತಿದ್ದರು...

ಒಂದಿಷ್ಟು ಹರಳೆಣ್ಣೆ ಸವರಿ, ಜೀರಿಗೆ ಕಷಾಯ ಕುಡಿಸಿದರೆ ಮುಗಿಯಿತು. ಅವರ ಕೈಗುಣ ಅಂಥದ್ದು.

ಆ ಮಧ್ಯಾಹ್ನ ನೋವು ಬಂದದ್ದು ಅವರ ಸ್ವಂತ ಮಗಳಿಗೆ.

ಹರ್ಷಿತಾಗೆ ಮದುವೆಯಾಗಿ ಬಹಳ ವರ್ಷವಾಗಿತ್ತು. ಐವಿಎಫ್ ಆಸ್ಪತ್ರೆಯಲ್ಲಿ ಭ್ರೂಣವನ್ನು ಗರ್ಭದೊಳಗೆ ಇಟ್ಟು ಕಳಿಸಿದ್ದರು. ನಿಲ್ಲುತ್ತದೋ ಇಲ್ಲವೋ ತಿಳಿಯುವವರೆಗೆ ತವರಲ್ಲಿರಲಿ ಎಂದು ಗಂಡ ಬಿಟ್ಟುಹೋಗಿದ್ದ. ಇದು ಎರಡನೇ ಸಲ...

ಗೋಡೆಗೆ ಮುಖ ಮಾಡಿ ಮುದುಡಿ ಮಲಗಿದ್ದ ಮಗಳನ್ನು ಕಂಡು ತಾಯಿಗೆ ಗಾಬರಿಯಾಯಿತು. "ಏನಾಯ್ತೇ?"

ಹರ್ಷಿತಾ ದಡಬಡಿಸಿ ಎದ್ದು ಕುಳಿತಳು.

"ಅಮ್ಮಾ, ನಾನೇನೂ ಮಾಡಿಲ್ಲ... ಬಿಂದಿಗೆ ಮುಟ್ಟಿಲ್ಲ... ಮೆಟ್ಲು ಹತ್ತಿಲ್ಲ... ನಿನ್ನಾಣೆಗೂ ಬಚ್ಚಲಿಗೆ ಬಿಟ್ರೆ ಎದ್ದೇ ಇಲ್ಲ!"

ಹೊಟ್ಟೆ ನೋಯುತ್ತಿದೆ ಎಂದು ಹೇಳಲೇ ಇಲ್ಲ ಹುಡುಗಿ. ಮೊದಲು ಆಣೆ ಇಟ್ಟಳು!

ಇಷ್ಟು ಹೆದರಿಸಿಟ್ಟದ್ದು ಅತ್ತೆಯೇ ಇರಬೇಕು ಅಂದುಕೊಂಡಿರಾ? ಪಾಪ, ಆ ಅತ್ತೆ ಒಂದು ಮಾತೂ ಆಡಿದವರಲ್ಲ. ಹೋದ ಸಲ ನಿಲ್ಲದೆ ಹೋದಾಗ, "ಬಿಂದಿಗೆ ಎತ್ತಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?" ಎಂದು ನೆಂಟರ ಮುಂದೆ ಕೂಗಾಡಿದ್ದು ಹೆತ್ತ ತಾಯಿಯೇ...

ಪುಟ್ಟಗೌರಮ್ಮ ಆಸ್ಪತ್ರೆಗೆ ಫೋನ್ ಮಾಡಿದರು.

"ಸ್ವಲ್ಪ ನೋವು ಬರೋದುಂಟು. ಜಾಸ್ತಿಯಾದ್ರೆ, ಬ್ಲೀಡಿಂಗ್ ಆದ್ರೆ ತಕ್ಷಣ ಕರ್ಕೊಂಡು ಬನ್ನಿ. ನಿಂತಿದೆಯಾ ಅಂತ ಈಗ್ಲೇ ಹೇಳಕ್ಕಾಗಲ್ಲ," ಎಂದರು ಡಾಕ್ಟರ್.

"ಮೇಡಂ... ಹೋದ್ಸಲ ಬಿಂದಿಗೆ ಎತ್ತಿದ್ಲು, ಅದಕ್ಕೇ ತಾನೇ ಹೋಗಿದ್ದು?"

"ಅಯ್ಯೋ, ಅದಕ್ಕಲ್ಲಮ್ಮ. ಅವರು ಮಾಡಿದ ಯಾವುದರಿಂದಲೂ ಅಲ್ಲ."

ತಾಯಿ ಫೋನ್ ಇಟ್ಟು ಮಗಳ ಹತ್ತಿರ ಬಂದರು...

ಕಷಾಯ ಕೊಡಲು ಭಯ... ಎಣ್ಣೆ ಸವರಲು ಭಯ... ಊರಿಗೆಲ್ಲ ಮದ್ದು ಕೊಟ್ಟ ಕೈ ಮಗಳ ಹೊಟ್ಟೆಯ ಹತ್ತಿರ ಹೋಗಿ ಹಾಗೇ ನಿಂತುಬಿಟ್ಟಿತು.

ಕೊನೆಗೆ ತಲೆ ಸವರಿ, "ತುಂಬಾ ನೋಯ್ತಿದ್ಯಾ ಕಂದಾ?" ಎಂದರು.

ಅಷ್ಟು ಕೇಳಿದ್ದೇ ತಡ, ಹರ್ಷಿತಾ ಬಿಕ್ಕಿ ಬಿಕ್ಕಿ ಅತ್ತಳು.

"ಅಮ್ಮಾ... ಇದೂ ನಿಲ್ಲದಿದ್ರೆ?"

"ಗೊತ್ತಿಲ್ಲ ಕಣೇ... ನನ್ ಕೈಲಿ ಏನೂ ಇಲ್ಲ. ಆದ್ರೆ 'ನೀನೇನ್ ಮಾಡ್ದೆ' ಅನ್ನೋ ಮಾತು ಮಾತ್ರ ಈ ಬಾಯಲ್ಲಿ ಇನ್ನು ಬರಲ್ಲ."

ನೋವು ಇನ್ನೂ ಇತ್ತು. ಉತ್ತರ ಬರಲು ಇನ್ನೂ ದಿನಗಳಿದ್ದವು. ತಾಯಿ ಮಗಳ ಕೈ ಹಿಡಿದು ಪಕ್ಕದಲ್ಲೇ ಕುಳಿತಿದ್ದರು...

*ನೋವಿಗೆ ಮದ್ದು ಕೊಡಲಾಗದಿದ್ದರೂ ಸರಿ, ನೋಯುವವರ ಮೇಲೆ ತಪ್ಪು ಹೊರಿಸಬೇಡಿ.*

ನಿಮ್ಮ ಮನೆಯಲ್ಲಿ ಯಾರಾದರೂ ನೋವಲ್ಲಿದ್ದಾಗ ನಿಮ್ಮ ಬಾಯಿಂದ ಮೊದಲು ಬರುವುದು ಯಾವುದು... "ನೋಯ್ತಿದ್ಯಾ?" ಎಂದೋ, "ಏನ್ ಮಾಡ್ಕೊಂಡೆ?" ಎಂದೋ?